ಮೀಟರಿನೊಳಗಿನ ದೊಡ್ಡಪ್ಪ

ಹೆದ್ದಾರಿಯಲ್ಲಿ ಕಾರು ಐದನೇ ಗೇರಿನಲ್ಲಿ ಎಪ್ಪತ್ತರ ವೇಗದಲ್ಲಿ ಹೋಗುತ್ತಿರುತ್ತದೆ. ಇದ್ದಕ್ಕಿದ್ದಂತೆ ಮೀಟರಿನಲ್ಲಿ ‘4’ ಎಂದು ಬಂದು, ಪಕ್ಕದಲ್ಲಿ ಮೇಲ್ಮುಖದ ಬಾಣವೊಂದು ಮಿನುಗತೊಡಗುತ್ತದೆ. ಗೇರ್ ಏರಿಸಬೇಕಂತೆ. ಇರುವುದೇ ಐದು, ಐದರಲ್ಲೇ ಇದ್ದೇವೆ. ಇನ್ನೆಲ್ಲಿಗೆ ಏರಿಸುವುದು, ಚಾವಣಿಗೆ? ಇಂಥ ಹೊತ್ತಿನಲ್ಲಿ ನಮ್ಮವರು ಮಾಡುವ ಮೊದಲ ರಿಪೇರಿ ಡ್ಯಾಶ್‌ಬೋರ್ಡಿಗೆ ಎರಡು ಗುದ್ದು. ಎರಡನೆಯದು, ಗಾಡಿ ಬದಿಗೆ ಹಾಕಿ ಆಫ್ ಮಾಡಿ ಮತ್ತೆ ಆನ್ ಮಾಡುವುದು. ಮೂರನೆಯದು, ಪಕ್ಕದ ಸೀಟಿನಲ್ಲಿ ಕೂತವರನ್ನು ‘ನೀನೇನಾದ್ರೂ ಮುಟ್ಟಿದ್ಯಾ?’ ಎಂದು ಕೇಳುವುದು. ಮೊದಲೆರಡರಿಂದ ಲಾಭವಿಲ್ಲ, ಮೂರನೆಯದರಿಂದ ನಷ್ಟವೂ ಉಂಟು.

ಅಸಲಿ ಸಂಗತಿ ಏನೆಂದರೆ, ಕೈಯಿಂದ ಗೇರ್ ಹಾಕುವ ಬಹುತೇಕ ಸಣ್ಣ ಕಾರುಗಳಲ್ಲಿ ನೀವು ಯಾವ ಗೇರಿನಲ್ಲಿದ್ದೀರಿ ಎಂಬುದು ಅಂಕಿ-ಬಾಣ ತೋರಿಸುವ ಆ ಗೇರ್ ಸೂಚಕಕ್ಕೆ ಗೊತ್ತೇ ಇಲ್ಲ. ಗೇರ್ ಲಿವರಿಗೂ ಅದಕ್ಕೂ ಯಾವ ವೈರಿನ ನಂಟೂ ಇರುವುದಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತು ‘ಯಾವೂರು ಅಂತ ನೀವು ಹೇಳ್ಬೇಡಿ, ನಾನೇ ಹೇಳ್ತೀನಿ’ ಎಂದು ನಮ್ಮ ಮಾತಿನ ಧಾಟಿಯ ಮೇಲೇ ಊರು ಊಹಿಸುವ ದೊಡ್ಡಪ್ಪನ ಕೆಲಸ ಅದರದು. ಇಂಜಿನ್ನಿನ ಇಸಿಯು, ಅಂದರೆ ಅದನ್ನು ನಡೆಸುವ ಪುಟ್ಟ ಕಂಪ್ಯೂಟರು, ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂಬ ಲೆಕ್ಕ) ನೋಡುತ್ತದೆ, ಗಾಡಿಯ ವೇಗ ನೋಡುತ್ತದೆ, ಎರಡನ್ನೂ ಭಾಗಿಸಿ ‘ಇಷ್ಟು ಬಂತೆಂದರೆ ನಾಲ್ಕನೆಯದೇ ಇರಬೇಕು’ ಎಂದು ತೀರ್ಪು ಕೊಡುತ್ತದೆ.

ಲೆಕ್ಕ ಸರಳ. ಒಂದು ಲೀಟರ್ ಇಂಜಿನ್ನಿನ ಸಾಧಾರಣ ಕಾರೊಂದನ್ನು ಊಹಿಸಿಕೊಳ್ಳಿ. ಇಂಜಿನ್ 1000 ಆರ್‌ಪಿಎಂ ತಿರುಗಿದರೆ ಮೊದಲ ಗೇರಿನಲ್ಲಿ ಗಾಡಿ ಹೆಚ್ಚುಕಡಿಮೆ 7 ಕಿ.ಮೀ. ವೇಗದಲ್ಲಿರುತ್ತದೆ, ಎರಡರಲ್ಲಿ 13, ಮೂರರಲ್ಲಿ 19, ನಾಲ್ಕರಲ್ಲಿ 26, ಐದರಲ್ಲಿ 33. ಈಗ ವೇಗ 52, ಆರ್‌ಪಿಎಂ 2000 ಎಂದರೆ ಸಾವಿರಕ್ಕೆ 26 ಬಿತ್ತು, ಅಲ್ಲಿಗೆ ನಾಲ್ಕನೇ ಗೇರು. ಅದೇ 52ರ ವೇಗಕ್ಕೆ ಆರ್‌ಪಿಎಂ 2300 ಬಂದರೆ ಸಾವಿರಕ್ಕೆ 22 ಚಿಲ್ಲರೆ ಆಗುತ್ತದೆ. ಅದು ಮೂರೂ ಅಲ್ಲ, ನಾಲ್ಕೂ ಅಲ್ಲ. ಆಗ ಕೆಲವು ಕಾರಿನ ಸೂಚಕ ಅಂಕಿಯನ್ನೇ ನುಂಗಿ ಸುಮ್ಮನಾಗುತ್ತದೆ, ಕೆಲವು ಮೂರು-ನಾಲ್ಕರ ನಡುವೆ ಜೀಕುತ್ತವೆ. ಹಾಗಾಗಿ ಅಂಕಿ ತಪ್ಪಿತೆಂದರೆ ಕೆಟ್ಟಿರುವುದು ಅಂಕಿ ತೋರಿಸುವ ಮೀಟರೇ ಆಗಿರಬೇಕಿಲ್ಲ. ಲೆಕ್ಕಕ್ಕೆ ಸೇರುವ ಯಾವುದೋ ಮಾಹಿತಿ ಸುಳ್ಳು ಹೇಳುತ್ತಿರುತ್ತದೆ.

ಈ ಬಾಣ ಇರುವುದು ಪೆಟ್ರೋಲ್ ಉಳಿಸಲಿಕ್ಕೆ. ಯುರೋಪಿನಲ್ಲಿ 2012ರ ನವೆಂಬರಿನಿಂದ ಹೊಸ ಮಾದರಿಗಳಿಗೆ, 2014ರ ನವೆಂಬರಿನಿಂದ ಮಾರಾಟವಾಗುವ ಪ್ರತಿಯೊಂದು ಮ್ಯಾನುವಲ್ ಕಾರಿಗೂ ಇದನ್ನು ಕಡ್ಡಾಯ ಮಾಡಿದರು. ಉಳಿತಾಯವೇ ಅದರ ಧರ್ಮವಾದ್ದರಿಂದ ಆಗುಂಬೆಯ ತಿರುವಿನಲ್ಲಿ, ಐದು ಜನ, ಎಸಿ, ಡಿಕ್ಕಿ ತುಂಬ ಹಲಸಿನಹಣ್ಣು ಇದ್ದಾಗಲೂ ಒಮ್ಮೊಮ್ಮೆ ‘ಮೂರಕ್ಕೆ ಹಾಕಿ’ ಎನ್ನುತ್ತದೆ. ಅದು ಕೆಟ್ಟಿಲ್ಲ, ಅದಕ್ಕೆ ಘಟ್ಟ ಕಾಣುವುದಿಲ್ಲ ಅಷ್ಟೆ. ಇಂಜಿನ್ ಗುದ್ದಿಕೊಂಡು ಹತ್ತುತ್ತಿರುವಾಗ ಬಾಣದ ಮಾತು ಕೇಳಬೇಡಿ. ಬೆಳಗ್ಗೆ ಇಂಜಿನ್ ತಣ್ಣಗಿರುವಾಗ ಬಾಣ ತಡವಾಗಿ ಬಂದರೆ ಅದೂ ದೋಷವಲ್ಲ. ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ ಪೆಟ್ರೋಲ್ ಉಳಿಸುತ್ತೇವೆ ಎನ್ನುವವರಿಗೆ ಅಂಕಿ ಮಾಯವಾದರೆ ಅದು ಸರಿಯಾದ ಉತ್ತರವೇ: ಅಲ್ಲಿ ಗೇರೇ ಇಲ್ಲವಲ್ಲ. (ಅಂದಹಾಗೆ, ಗೇರಿನಲ್ಲೇ ಇಟ್ಟು ಆಕ್ಸಿಲರೇಟರ್ ಬಿಟ್ಟು ಇಳಿದರೆ ಈಗಿನ ಇಂಜಿನ್ ಪೆಟ್ರೋಲ್ ಸಿಂಪಡಣೆಯನ್ನು ಪೂರ್ತಿ ನಿಲ್ಲಿಸುತ್ತದೆ. ನ್ಯೂಟ್ರಲ್ಲಿನಲ್ಲಿ ಐಡಲ್ ಆಗಲಿಕ್ಕಾದರೂ ಕುಡಿಯಲೇಬೇಕು.)

ಇನ್ನು ನಿಜವಾದ ದೋಷದ ಕಡೆ ಬರೋಣ. ಅಂಕಿ ಬರುವುದೇ ಇಲ್ಲ, ಅಥವಾ ಬಂದು ಹೋಗಿ ಆಟವಾಡಿಸುತ್ತದೆ ಎಂದಾದರೆ ಮೊದಲ ಪರೀಕ್ಷೆಗೆ ಸ್ಪ್ಯಾನರೂ ಬೇಡ, ಮೆಕ್ಯಾನಿಕ್ಕೂ ಬೇಡ. ನಿಮ್ಮ ಎಡಗಾಲನ್ನು ಕ್ಲಚ್ ಪೆಡಲಿನ ಮೇಲಿಂದ ಎತ್ತಿ ಪಕ್ಕಕ್ಕಿಡಿ. ಸಣ್ಣ ಕಾರುಗಳಲ್ಲಿ ಎಡಗಾಲಿಗೆ ಜಾಗ ಕೊಟ್ಟಿರುವುದೇ ಕಮ್ಮಿ. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುವ ಊರಿನಲ್ಲಿ ಕಾಲು ಕ್ಲಚ್ಚಿನ ಮೇಲೇ ಸಂಸಾರ ಹೂಡಿರುತ್ತದೆ. ಕ್ಲಚ್ ಸ್ವಲ್ಪ ತಗ್ಗಿದರೂ ಪೆಡಲಿನ ಮೇಲ್ತುದಿಯ ಬಳಿ ಇರುವ ಸ್ವಿಚ್ಚೊಂದು ‘ಕ್ಲಚ್ ಒತ್ತಿದ್ದಾರೆ’ ಎಂದು ಇಸಿಯುಗೆ ಹೇಳುತ್ತದೆ, ಗೇರ್ ಬದಲಾಗುತ್ತಿದೆ ಎಂದುಕೊಂಡು ಅದು ಲೆಕ್ಕ ನಿಲ್ಲಿಸುತ್ತದೆ. ಕಾಲು ತೆಗೆದ ಕೂಡಲೇ ಅಂಕಿ ಬಂದರೆ ರಿಪೇರಿ ಮುಗಿಯಿತು. ಜತೆಗೆ ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗಿನ ಆಯುಸ್ಸೂ ಉಳಿಯಿತು.

ಕಾಲು ತೆಗೆದರೂ ಬರಲಿಲ್ಲವೇ? ಹಾಗಾದರೆ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಇಗ್ನಿಷನ್ ಆಫ್ ಮಾಡಿ, ಮೊಬೈಲ್ ಟಾರ್ಚು ಹಿಡಿದು ಸ್ಟಿಯರಿಂಗ್ ಕೆಳಗೆ ತಲೆ ಹಾಕಿ. ಈ ಭಂಗಿಗೆ ಯೋಗಶಾಸ್ತ್ರ ಇನ್ನೂ ಹೆಸರಿಟ್ಟಿಲ್ಲ. ನಾಪತ್ತೆಯಾಗಿದ್ದ ಎರಡು ರೂಪಾಯಿ ನಾಣ್ಯ, ಕಡಲೆಕಾಯಿ ಸಿಪ್ಪೆ, ಟೋಲ್ ಚೀಟಿಗಳ ನಡುವೆ ಮ್ಯಾಟಿನ ಮೇಲೆ ಪ್ಲಾಸ್ಟಿಕ್ಕಿನದೋ ರಬ್ಬರಿನದೋ ಸಣ್ಣ ಚೂರುಗಳು ಬಿದ್ದಿವೆಯೇ ನೋಡಿ. ಬಿದ್ದಿದ್ದರೆ ಗುಡಿಸಿ ಎಸೆಯಬೇಡಿ, ಕಳ್ಳ ಸಿಕ್ಕಂತೆಯೇ.

ಕ್ಲಚ್ ಪೆಡಲಿನ ಕೋಲಿನ ಮೇಲ್ತುದಿಯ ಪಟ್ಟಿಯಲ್ಲಿ ಒಂದು ತೂತು ಇರುತ್ತದೆ. ಆ ತೂತಿಗೆ ಶರ್ಟಿನ ಗುಂಡಿಯಷ್ಟಗಲದ ಸ್ಟಾಪರ್ ಪ್ಯಾಡ್ ಸಿಕ್ಕಿಸಿರುತ್ತಾರೆ. ಪೆಡಲ್ ಮೇಲೆ ಬಂದಾಗ ಸ್ವಿಚ್ಚಿನ ಕಡ್ಡಿಯನ್ನು ಒಳಕ್ಕೆ ಒತ್ತುವುದು ಈ ಪ್ಯಾಡ್. ವರ್ಷಾನುಗಟ್ಟಲೆ ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಅದು ಗರಿಗರಿಯಾಗಿ, ಒಂದು ದಿನ ಪುಡಿಯಾಗಿ ಉದುರುತ್ತದೆ. ಆಮೇಲೆ ಸ್ವಿಚ್ಚಿನ ಕಡ್ಡಿ ನೇರ ತೂತಿನೊಳಗೆ ತೂರಿಕೊಂಡು ಹೊರಗೇ ಉಳಿಯುತ್ತದೆ. ನೀವು ಮುಟ್ಟದಿದ್ದರೂ ಸದಾ ಕ್ಲಚ್ ಒತ್ತಿದಂತೆಯೇ ಇಸಿಯುಗೆ ಕಾಣುತ್ತದೆ. ಪ್ಯಾಡಿನ ಬೆಲೆ ಒಂದು ಪ್ಲೇಟ್ ಮಸಾಲೆದೋಸೆಯನ್ನು ದಾಟುವುದು ಅಪರೂಪ. ಕೈಯಲ್ಲೇ ಒತ್ತಿ ಕೂರಿಸಬಹುದು. ಇಂಥದ್ದೇ ಪ್ಯಾಡ್ ಬ್ರೇಕ್ ಪೆಡಲಿಗೂ ಇರುತ್ತದೆ. ಅದು ಉದುರಿದರೆ ಹಿಂದಿನ ಬ್ರೇಕ್ ದೀಪ ರಾತ್ರಿಯಿಡೀ ಉರಿದು, ಬೆಳಗ್ಗೆ ಬ್ಯಾಟರಿ ಮಲಗಿರುತ್ತದೆ. ಬಗ್ಗಿದ್ದೇ ಬಗ್ಗಿದ್ದೀರಿ, ಎರಡನ್ನೂ ಒಟ್ಟಿಗೇ ಹಾಕಿಸಿ.

ಪ್ಯಾಡ್ ಗಟ್ಟಿಯಾಗಿದ್ದರೆ ಸ್ವಿಚ್ಚಿನ ಸರದಿ. ಕನೆಕ್ಟರಿನ ಕೊಂಡಿ ಒತ್ತಿ ಬಿಡಿಸಿ, ಅಗ್ಗದ ಮಲ್ಟಿಮೀಟರನ್ನು ಕಂಟಿನ್ಯೂಟಿಗೆ (ವಿದ್ಯುತ್ ದಾರಿ ಕೂಡಿದ್ದರೆ ಪೀಪ್ ಎನ್ನುವ ಸ್ಥಾನಕ್ಕೆ) ಇಟ್ಟು ಸ್ವಿಚ್ಚಿನ ಎರಡು ಪಿನ್ನುಗಳಿಗೆ ಹಿಡಿಯಿರಿ. ಪೆಡಲ್ ಒತ್ತಿ ಬಿಟ್ಟಾಗಲೆಲ್ಲ ಪೀಪ್ ಎನ್ನುವುದು, ನಿಲ್ಲುವುದು ಆಗಬೇಕು. ಯಾವಾಗ ಪೀಪ್, ಯಾವಾಗ ಮೌನ ಎಂಬುದು ಕಾರಿಂದ ಕಾರಿಗೆ ಬೇರೆ, ಬದಲಾವಣೆ ಆಗುವುದು ಮುಖ್ಯ. ಬದಲಾಗದಿದ್ದರೆ ಸ್ವಿಚ್ ಸತ್ತಿದೆ. ಕೆಲವು ಕಾರುಗಳಲ್ಲಿ ಎರಡು ಸ್ವಿಚ್ ಇರುತ್ತವೆ: ಪೆಡಲ್ ಪೂರ್ತಿ ಒತ್ತದೆ ಸ್ಟಾರ್ಟ್ ಆಗದಂತೆ ತಡೆಯಲು ಕೆಳಗೊಂದು, ಇಸಿಯುಗೆ ಸುದ್ದಿ ಮುಟ್ಟಿಸಲು ಮೇಲೊಂದು. ‘ಗಾಡಿ ಸ್ಟಾರ್ಟ್ ಆಗ್ತಿದೆ ಸಾರ್, ಸ್ವಿಚ್ ಚೆನ್ನಾಗೇ ಇದೆ’ ಎಂಬ ವಾದ ಕೆಳಗಿನದಕ್ಕೆ ಮಾತ್ರ ಹೊಂದುತ್ತದೆ.

ಸ್ವಿಚ್ ಬದುಕಿದ್ದು ಜಾಗ ತಪ್ಪಿದ್ದರೆ ಲಾಕ್ ನಟ್ ಸಡಿಲಿಸಿ, ಪೆಡಲ್ ಮೇಲಿದ್ದಾಗ ಕಡ್ಡಿ ಪೂರ್ತಿ ಒಳಗಿರುವಂತೆಯೂ, ಸ್ವಿಚ್ಚಿನ ಮೈ ಪ್ಯಾಡಿಗೆ ತಾಗದೆ ಅರ್ಧದಿಂದ ಒಂದು ಮಿ.ಮೀ. ಸಂದು ಉಳಿಯುವಂತೆಯೂ ತಿರುಗಿಸಿ ಬಿಗಿಯಬೇಕು. ನಿಮ್ಮ ಮಾದರಿಗೆ ಸರ್ವಿಸ್ ಕೈಪಿಡಿ ಬೇರೆ ಅಳತೆ ಹೇಳಿದರೆ ಅದೇ ಅಂತಿಮ. ಉತ್ಸಾಹದಲ್ಲಿ ಎರಡು ಸುತ್ತು ಹೆಚ್ಚಿಗೆ ತಿರುಗಿಸಿದರೆ ಸ್ವಿಚ್ಚೇ ಪೆಡಲನ್ನು ಕೆಳಕ್ಕೆ ತಳ್ಳಿ ಹಿಡಿಯುತ್ತದೆ. ಆಗ ಪೆಡಲಿನ ಸಡಿಲಿಕೆ ಇಲ್ಲದಂತಾಗಿ ಕ್ಲಚ್ ಪ್ಲೇಟ್ ಸದಾ ಅರೆಬರೆ ಹಿಡಿತದಲ್ಲಿ ಸವೆಯುತ್ತದೆ. ಮಸಾಲೆದೋಸೆಯ ಖರ್ಚು ಮದುವೆ ಊಟದ ಮಟ್ಟಕ್ಕೆ ಏರುವುದು ಇಲ್ಲಿಯೇ. ಕಾಲು ಸುತ್ತು ತಿರುಗಿಸಿ ಕೂರಿಸುವ ಹೊಸ ಬಗೆಯ ಸ್ವಿಚ್ಚುಗಳೂ ಇವೆ. ಅವು ಕೂರಿಸುವಾಗ ತಾವೇ ಅಳತೆ ಹಿಡಿಯುತ್ತವೆ, ಒಮ್ಮೆ ತೆಗೆದರೆ ಹೊಸದೇ ಹಾಕುವುದು ಲೇಸು.

ಇಷ್ಟೆಲ್ಲ ಸರಿಯಿದ್ದು, ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಅಂಕಿ ಒಂದು ಮೆಟ್ಟಿಲು ಇಳಿಯುತ್ತಿದ್ದರೆ ಕ್ಲಚ್ ಜಾರುತ್ತಿದೆ. ಖಾಲಿ ನೇರ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ 40ರಲ್ಲಿ ಹೋಗುತ್ತ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ನೋಡಿ. ಆರ್‌ಪಿಎಂ ಮುಳ್ಳು ಮೇಲಕ್ಕೆ ಹಾರಿ ವೇಗ ಮಾತ್ರ ನಿಧಾನವಾಗಿ ಹತ್ತಿದರೆ ಸಂಶಯವೇ ಬೇಡ. ಸೂಚಕ ಇಲ್ಲಿ ಸತ್ಯವನ್ನೇ ನುಡಿಯುತ್ತಿದೆ, ಕ್ಲಚ್ ಬದಲಿಸಬೇಕು.

ಅಂಕಿಯ ಜತೆಗೆ ಸ್ಪೀಡೋಮೀಟರಿನ ಮುಳ್ಳೂ ಕುಣಿದರೆ ವೇಗದ ಸೆನ್ಸರ್ ಕಡೆ ನೋಡಿ. ಕೆಲವು ಕಾರಿನಲ್ಲಿ ಅದು ಗೇರ್‌ಬಾಕ್ಸಿನ ಮೇಲಿರುತ್ತದೆ. ಕೆಲವಕ್ಕೆ, ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್‌ನ ಚಕ್ರದ ಸೆನ್ಸರಿನಿಂದಲೇ ಸುದ್ದಿ ಬರುತ್ತದೆ, ಅಲ್ಲಿ ತೊಂದರೆಯಾದರೆ ಎಬಿಎಸ್ ದೀಪವೂ ಹೊತ್ತುತ್ತದೆ. ಮಳೆಗಾಲದ ಗುಂಡಿ ನೀರು ಕನೆಕ್ಟರಿನೊಳಗೆ ಹೋಗಿ ಪಿನ್ನು ಹಸಿರುಗಟ್ಟುವುದು ಮಾಮೂಲು. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಮೆತ್ತಗಿನ ಬ್ರಷ್ಷಿನಲ್ಲಿ ಉಜ್ಜಿ, ಉಪ್ಪುಕಾಗದ ಹಾಕಬೇಡಿ, ಪಿನ್ನಿನ ಲೇಪನವೇ ಹೋಗುತ್ತದೆ. ಕನೆಕ್ಟರ್ ಸ್ವಚ್ಛವಾಗಿದ್ದೂ ವೈರ್ ತುಂಡಾಗಿದ್ದರೆ ಅದು ಮೂಷಿಕನ ಕೃಪೆ. ಹೊಗೆಸೊಪ್ಪು, ನುಸಿಗುಳಿಗೆ ಎಲ್ಲ ಇಟ್ಟು ನೋಡಿದವರುಂಟು, ನುಸಿಗುಳಿಗೆಯ ಪಕ್ಕದಲ್ಲೇ ಗೂಡು ಕಟ್ಟಿದ ಇಲಿಗಳೂ ಉಂಟು. ಕಡಿದ ವೈರನ್ನು ಹೊಸೆದು ಟೇಪು ಸುತ್ತಿದರೆ ಬಾನೆಟ್ಟಿನ ಶಾಖಕ್ಕೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಬೆಸುಗೆ ಹಾಕಿಸಿ, ಮೇಲೆ ಬಿಸಿ ತಾಗಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ಹಾಕಿಸಿ.

ಇಸಿಯು ಬರೆದಿಟ್ಟ ದೋಷದ ಕೋಡುಗಳನ್ನು ಓದುವ ಒಬಿಡಿ ಸ್ಕ್ಯಾನರ್ ಇದ್ದರೆ ಕೆಲಸ ಹಗುರ. ಪಿ0500 ಬಂದರೆ ವೇಗದ ಸೆನ್ಸರ್, ಪಿ0830 ಬಂದರೆ ಕ್ಲಚ್ ಸ್ವಿಚ್ಚಿನ ಸರ್ಕ್ಯೂಟ್, ಪಿ0335 ಬಂದರೆ ಆರ್‌ಪಿಎಂ ಎಣಿಸುವ ಕ್ರ್ಯಾಂಕ್ ಸೆನ್ಸರ್. ಆದರೆ ಪುಡಿಯಾದ ಪ್ಯಾಡಿಗೆ ಕೋಡ್ ಬರದೇ ಹೋಗಬಹುದು, ಸ್ವಿಚ್ ಪಾಪ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿರುತ್ತದಲ್ಲ.

ಈ ಎಲ್ಲದರ ನಡುವೆ ಸುಮ್ಮನೆ ಬೈಸಿಕೊಳ್ಳುವುದು ಟೈರು. ‘13 ಇಂಚಿಂದ 14 ಇಂಚಿಗೆ ಹೋದ್ರಲ್ಲ, ಅದಕ್ಕೇ’ ಎನ್ನುವ ಪಂಡಿತರು ಪ್ರತಿ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲೂ ಸಿಗುತ್ತಾರೆ. ಇಸಿಯು ಎಣಿಸುವುದು ಇಂಜಿನ್ನಿನ ಸುತ್ತು ಮತ್ತು ಚಕ್ರದ ಇಲ್ಲವೇ ಗೇರ್‌ಬಾಕ್ಸಿನ ಸುತ್ತು. ಆ ಎರಡರ ಅನುಪಾತ ಗೇರಿನ ಹಲ್ಲುಗಳಲ್ಲಿ ನಿಗದಿಯಾಗಿದೆ. ಎತ್ತಿನ ಗಾಡಿಯ ಚಕ್ರ ಹಾಕಿದರೂ ಅದು ಬದಲಾಗದು. ಟೈರ್ ದೊಡ್ಡದಾದರೆ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸೀತು, ಗೇರಿನ ಅಂಕಿ ಕೆಡುವುದಿಲ್ಲ.

ಕ್ಲಚ್ ಪೆಡಲೇ ಇಲ್ಲದ, ಕ್ಲಚ್ಚು-ಗೇರುಗಳನ್ನು ಯಂತ್ರವೇ ನೋಡಿಕೊಳ್ಳುವ ಎಎಂಟಿ ಕಾರಿನ ಕತೆ ಬೇರೆ. ಅಲ್ಲಿ ಗೇರ್ ಹಾಕುವ ಯಂತ್ರಕ್ಕೇ ಸೆನ್ಸರುಗಳಿರುವುದರಿಂದ ಅಂಕಿ ಊಹೆಯಲ್ಲ. ಮುಂದೆ ಹೋಗುವ ‘ಡಿ’ಗೆ ಎಳೆದರೂ ನ್ಯೂಟ್ರಲ್ಲಿನ ‘ಎನ್’ ಮಿನುಗುತ್ತ ನಿಂತರೆ ಮೊದಲು ಯಾರನ್ನಾದರೂ ಹಿಂದೆ ನಿಲ್ಲಿಸಿ ಬ್ರೇಕ್ ದೀಪ ಹತ್ತುತ್ತದೆಯೇ ಕೇಳಿ. ಬ್ರೇಕ್ ಒತ್ತಿದ ಸುದ್ದಿ ಮುಟ್ಟದೆ ಅದು ಗೇರ್ ಹಾಕುವುದಿಲ್ಲ, ಆ ಸುದ್ದಿ ಕೊಡುವುದು ದೀಪದ ಸ್ವಿಚ್ಚೇ. ಹೈಡ್ರಾಲಿಕ್ ಎಎಂಟಿಗಳಲ್ಲಿ ಡ್ರೈವರ್ ಬಾಗಿಲು ತೆಗೆದಾಗ ಪಂಪು ಗುಂಯ್ ಎಂದು ಕೆಲ ಸೆಕೆಂಡು ಕೂಗಿ ನಿಲ್ಲುವುದುಂಟು. ಅದು ಪದೇಪದೇ ಕೂಗತೊಡಗಿದರೆ ಒತ್ತಡ ಎಲ್ಲೋ ಸೋರುತ್ತಿದೆ. ಆಯಿಲ್ ಕಡಿಮೆಯಾಗಿದೆ ಎಂದು ಅಂಗಡಿಯ ಬ್ರೇಕ್ ಆಯಿಲ್ ಸುರಿಯಬೇಡಿ, ಅದರ ಆಯಿಲ್ಲೇ ಬೇರೆ. ಕ್ಲಚ್ ಬದಲಿಸಿದ ಮೇಲೆ ಸ್ಕ್ಯಾನರ್ ಹಾಕಿ ಹೊಸ ಕ್ಲಚ್ಚಿನ ಹಿಡಿತವನ್ನು ಯಂತ್ರಕ್ಕೆ ಕಲಿಸಬೇಕು. ಕಲಿಸದೆ ಬಿಟ್ಟರೆ ಗೇರು ತಡವರಿಸುತ್ತದೆ, ಅಂಕಿಯೂ ತಡವರಿಸುತ್ತದೆ. ಮ್ಯಾನುವಲ್ ಕಾರಿನ ಬಾಣದ ಮೇಲೆ ಟೇಪು ಅಂಟಿಸಿ ನೆಮ್ಮದಿಯಾಗಿರಬಹುದು, ಎಎಂಟಿಯಲ್ಲಿ ಅಂಥ ಧೈರ್ಯ ಬೇಡ. ಹಿಂದಕ್ಕೆ ಹೋಗುವ ‘ಆರ್’ ಎಂದುಕೊಂಡದ್ದು ‘ಡಿ’ ಆಗಿದ್ದರೆ ಮುಂದಿರುವುದು ಕಾಂಪೌಂಡು.

ಮೀಟರೇ ಕೆಟ್ಟಿರುವುದು ಅಪರೂಪ, ಮೀಟರ್ ಬದಲಿಸಿ ಎಂಬ ಸಲಹೆ ಮಾತ್ರ ಧಾರಾಳ. ಎಷ್ಟೋ ಕಾರುಗಳಲ್ಲಿ ಕೀ ತಿರುಗಿಸಿದ ಕೂಡಲೇ ಪರದೆಯ ಚಿಹ್ನೆಗಳೆಲ್ಲ ಒಮ್ಮೆ ಬೆಳಗುತ್ತವೆ. ಆಗ ಬಾಣವೂ ಕಂಡರೆ ಪರದೆ ಚೆನ್ನಾಗಿದೆ. ಸೂಚಕವನ್ನು ಮೆನುವಿನಲ್ಲೇ ಆಫ್ ಮಾಡುವ ಸೌಲಭ್ಯವಿರುವ ಕಾರಾದರೆ ಅದನ್ನೂ ನೋಡಿ, ಮನೆಯ ಮಕ್ಕಳು ಗುಂಡಿ ಒತ್ತುವುದರಲ್ಲಿ ನಿಪುಣರು. ಗುಜರಿಯಿಂದ ಹಳೆ ಮೀಟರ್ ತಂದು ಕೂರಿಸಿದರೆ ಅದರೊಳಗಿನ ಬೇರೆಯವರ ಕಿಲೋಮೀಟರೂ ನಿಮ್ಮ ತಲೆಗೆ ಬರುತ್ತದೆ. ನಾಳೆ ಕಾರು ಮಾರುವಾಗ ಉತ್ತರ ಹೇಳಬೇಕಾದವರು ನೀವು.

ಸರ್ವಿಸ್‌ಗೆ ಬಿಡುವಾಗ ‘ಗೇರ್ ಇಂಡಿಕೇಟರ್ ಹೋಗಿದೆ’ ಎಂದು ಬರೆಸಬೇಡಿ. ಜಾಬ್ ಕಾರ್ಡಿನಲ್ಲಿ ಹಾಗಿದ್ದರೆ ಅವರ ಕೈ ಮೊದಲು ಹೋಗುವುದು ಡ್ಯಾಶ್‌ಬೋರ್ಡಿಗೇ. ‘ಕಾಲು ತೆಗೆದರೂ ಅಂಕಿ ಬರುತ್ತಿಲ್ಲ, ಸ್ಪೀಡೋಮೀಟರ್ ಸರಿಯಿದೆ, ಕ್ಲಚ್ ಜಾರುತ್ತಿಲ್ಲ, ಪೆಡಲ್ ಸ್ವಿಚ್ ಮತ್ತು ಸ್ಟಾಪರ್ ಪ್ಯಾಡ್ ನೋಡಿ’ ಎಂದು ಬರೆಸಿ. ಬದಲಿಸಿದ ಹಳೆ ಸ್ವಿಚ್ಚನ್ನು ಕೇಳಿ ತೆಗೆದುಕೊಳ್ಳಿ. ಅಂದಾಜು ಪಟ್ಟಿಯಲ್ಲಿ ‘ಮೀಟರ್ ಅಸೆಂಬ್ಲಿ’ ಕಂಡರೆ ಸಹಿ ಹಾಕುವ ಮುನ್ನ ಕ್ಲಚ್ ಸ್ವಿಚ್ಚಿಗೆ ಮಲ್ಟಿಮೀಟರ್ ಹಿಡಿದು ನೋಡಿದಿರಾ ಎಂದು ಕೇಳಿ.