ಸೀಸದ ಬಿಲ್ಲೆ

ಯಾತ್ರೆಯಿಂದ ತಂದ ಚಿಕ್ಕಪುಟ್ಟ ವಸ್ತುಗಳು ನಮ್ಮ ಮನೆಯ ಗಾಜಿನ ಕಪಾಟು ಸೇರಿ, ಹಬ್ಬಕ್ಕೊಮ್ಮೆ ಧೂಳು ಒರೆಸಿಕೊಂಡು ಸುಮ್ಮನಿರುತ್ತವೆ. ಮಧ್ಯಯುಗದ ಯುರೋಪಿನಲ್ಲಿ ಕ್ರೈಸ್ತ ಯಾತ್ರಿಕರು ಕೊಂಡು ತರುತ್ತಿದ್ದ ಸೀಸ-ತವರಗಳ ಅಗ್ಗದ ಬಿಲ್ಲೆಗಳಿಗೆ ಮಾತ್ರ ಅಂಥ ವಿಶ್ರಾಂತಿಯಿರಲಿಲ್ಲ. ಅವುಗಳನ್ನು ನೆನಪಿಗಿಂತ ಹೆಚ್ಚಾಗಿ ಕೆಲಸಕ್ಕೆಂದು ತರುತ್ತಿದ್ದರು.

1170ರ ಡಿಸೆಂಬರ್ 29ರಂದು ಇಂಗ್ಲೆಂಡಿನ ಕ್ಯಾಂಟರ್ಬರಿಯ ಮಹಾದೇವಾಲಯದೊಳಗೇ ಆರ್ಚ್‌ಬಿಷಪ್ ಥಾಮಸ್ ಬೆಕೆಟ್‌ನ ಕೊಲೆಯಾಯಿತು. 1173ರಲ್ಲಿ ಆತನನ್ನು ಸಂತನೆಂದು ಸಾರಿದರು. ಆತನ ರಕ್ತದ ಅಂಶ ಬೆರೆತದ್ದೆನ್ನುವ ನೀರನ್ನು ಅಲ್ಲಿನ ಸಂನ್ಯಾಸಿಗಳು ತವರದ ಪುಟ್ಟ ಕುಪ್ಪಿಗಳಲ್ಲಿ ಕೊಡುತ್ತಿದ್ದರು. ಚಪ್ಪಟೆ ಹೊಟ್ಟೆ, ದಾರ ಪೋಣಿಸಿ ಕೊರಳಿಗೆ ಹಾಕಿಕೊಳ್ಳಲು ಎರಡು ಕಿವಿ. ಕೆಲವು ಕುಪ್ಪಿಗಳ ಅಂಚಿನಲ್ಲಿ, ಸಜ್ಜನರು ಕಾಯಿಲೆ ಬಿದ್ದರೆ ಥಾಮಸನೇ ಅತ್ಯುತ್ತಮ ವೈದ್ಯನೆಂಬ ಲ್ಯಾಟಿನ್ ಸಾಲಿದೆ. ದುರ್ಜನರಿಗೆ ಗುಣವಾಗದಿದ್ದರೆ ವೈದ್ಯನನ್ನು ದೂರುವಂತಿಲ್ಲ. ಸಾಲು ಬರೆದವನು ಜಾಣ.

ಜರ್ಮನಿಯ ಆಖೆನ್‌ನದು ಬೇರೆ ತೊಡಕು. ಮೇರಿಯ ಉಡುಪು, ಶಿಶು ಯೇಸುವಿಗೆ ಸುತ್ತಿದ ಬಟ್ಟೆ ಎಂದು ನಂಬಲಾದ ಪವಿತ್ರ ವಸ್ತುಗಳನ್ನು ಅಲ್ಲಿ ಏಳು ವರ್ಷಕ್ಕೊಮ್ಮೆ ಹೊರಗೆ ತೋರಿಸುತ್ತಿದ್ದರು. ಅವುಗಳ ಪುಣ್ಯ ಅಂಟಲೆಂದು ಬಿಲ್ಲೆಯನ್ನು ಅವಕ್ಕೆ ಮುಟ್ಟಿಸೋಣವೆಂದರೆ ಜನಜಂಗುಳಿ ಬಿಡಬೇಕಲ್ಲ! ಆದ್ದರಿಂದ ಬಿಲ್ಲೆಯಲ್ಲೇ ಪುಟ್ಟ ಕನ್ನಡಿ ಕೂರಿಸಿದರು. ಅದನ್ನು ತಲೆಯ ಮೇಲೆತ್ತಿ ಹಿಡಿದರೆ ಆ ವಸ್ತುಗಳಿಂದ ಹೊಮ್ಮುವ ಪುಣ್ಯಪ್ರಭೆ ಕನ್ನಡಿಗಿಳಿದು ಮನೆಯವರೆಗೂ ಬರುತ್ತದೆಂಬುದು ನಂಬಿಕೆ. ಮುಂದೆ ಮುದ್ರಣದಿಂದ ಹೆಸರಾದ ಗುಟೆನ್‌ಬರ್ಗ್ ಸ್ಟ್ರಾಸ್‌ಬರ್ಗ್‌ನಲ್ಲಿ ಪಾಲುದಾರರೊಡನೆ ಈ ಕನ್ನಡಿಗಳ ವ್ಯಾಪಾರಕ್ಕೇ ಕೈಹಾಕಿದ್ದ. 1439ರಲ್ಲಿ ನಡೆಯುವುದೆಂದು ನಂಬಿದ್ದ ಯಾತ್ರೆ 1440ಕ್ಕೆ ಹೋಯಿತು; ಅಷ್ಟರಲ್ಲಿ ಪಾಲುದಾರನೊಬ್ಬ ತೀರಿಕೊಂಡು, ಆತನ ಕಡೆಯವರು ವ್ಯಾಜ್ಯ ಹೂಡಿದರು. ಈ ಸಂಗತಿ ನಮಗೆ ತಿಳಿದಿರುವುದು ಆ ನ್ಯಾಯಾಲಯದ ಕಡತದ ದೆಸೆಯಿಂದ.

ಟೊಪ್ಪಿಗೆಗೋ ಮೇಲಂಗಿಗೋ ಹೊಲಿದುಕೊಂಡು ಊರು ಸೇರಿದ ಬಿಲ್ಲೆಗಳ ಬಾಳು ಅಲ್ಲಿಗೆ ಮುಗಿಯುತ್ತಿರಲಿಲ್ಲ. ಕೆಲವು ಬಿಲ್ಲೆಗಳು ಗಂಟೆಯ ಎರಕದಚ್ಚಿನಲ್ಲಿ ತಮ್ಮ ಗುರುತೊತ್ತಿ, ಗಂಟೆಯ ಮೈಮೇಲೆ ಉಬ್ಬುಚಿತ್ರವಾದವು. ಹಲವು ಥೇಮ್ಸ್, ಸೇನ್ ನದಿಗಳ ಪಾಲಾದವು. ಗಾಳಿಯಾಡದ ಕೆಸರೇ ಅವುಗಳನ್ನು ಕಾಪಾಡಿತು. ಇನ್ನು ಕೆಲವನ್ನು ಪ್ರಾರ್ಥನಾ ಪುಸ್ತಕಗಳ ಚರ್ಮದ ಹಾಳೆಗಳಿಗೆ ಹೊಲಿದಿಡುತ್ತಿದ್ದರು. ಅಂಥ ಎಷ್ಟೋ ಪುಸ್ತಕಗಳಲ್ಲಿ ಈಗ ಬಿಲ್ಲೆಯಿಲ್ಲ. ಹಾಳೆಯ ಮೇಲೆ ದುಂಡನೆಯ ಒತ್ತುಗುರುತೊಂದು, ಅದರ ಸುತ್ತ ಸೂಜಿಯ ತೂತುಗಳು ಮಾತ್ರ ಉಳಿದಿವೆ.