ಇಂಜಿನ್ ಕಾಯುವ ಹೊತ್ತು

ಬೆಳಗಿನ ಐದೂಮುಕ್ಕಾಲಕ್ಕೆ ಪಕ್ಕದ ಮನೆಯವರು ಕಾರನ್ನು ಸ್ಟಾರ್ಟ್ ಮಾಡುತ್ತಾರೆ, ಆದರೆ ಹೊರಡುವುದಿಲ್ಲ. ಹತ್ತು ನಿಮಿಷ ಅದು ನಿಂತಲ್ಲೇ ಗುರುಗುಟ್ಟುತ್ತಿರುತ್ತದೆ, ನಡುನಡುವೆ ಅವರು ಆಕ್ಸಿಲರೇಟರ್ ಒತ್ತಿ ರೇಸ್ ಮಾಡುತ್ತಾರೆ, ಪೆಟ್ರೋಲಿನ ಹಸಿ ವಾಸನೆಯೆಲ್ಲ ನಮ್ಮ ಅಡುಗೆಮನೆಯ ಕಿಟಕಿಯನ್ನು ಹುಡುಕಿಕೊಂಡು ಬರುತ್ತದೆ. ಇಂಜಿನ್ ಕಾಯಬೇಕಂತೆ. ಮೈಸೂರಿನ ಕುವೆಂಪುನಗರದಲ್ಲಿ ಎಂಥ ಡಿಸೆಂಬರ್ ಬಂದರೂ ಹೆಪ್ಪುಗಟ್ಟುವುದು ಕೊಬ್ಬರಿ ಎಣ್ಣೆಯೊಂದೇ. ಅದನ್ನು ಯಾರೂ ಇಂಜಿನ್ನಿಗೆ ಹಾಕುವುದಿಲ್ಲ.

ಕನ್ನಡದಲ್ಲಿ ‘ಕಾಯುವುದು’ ಎಂಬ ಮಾತು ಬಿಸಿಯಾಗುವುದಕ್ಕೂ ಸಲ್ಲುತ್ತದೆ, ದಾರಿ ನೋಡುತ್ತ ಕೂರುವುದಕ್ಕೂ ಸಲ್ಲುತ್ತದೆ. ಇದರಲ್ಲಿ ಏನೋ ಒಂದು ಹೊಳಹು ಅಡಗಿದೆಯೆಂದು ನನಗೆ ಬಹಳ ದಿನಗಳಿಂದ ಅನ್ನಿಸಿದೆ. ಅದನ್ನು ಹೇಳುವ ಮೊದಲು ನಮ್ಮ ದೊಡ್ಡಪ್ಪನ ವಿಷಯ ಹೇಳಬೇಕು.

ದೊಡ್ಡಪ್ಪನ ಮನೆ ಮೂಡಿಗೆರೆಯ ಹತ್ತಿರ ಕಾಫಿ ತೋಟದ ತಗ್ಗಿನಲ್ಲಿತ್ತು. ರಸ್ತೆ ಗುಡ್ಡದ ನೆತ್ತಿಯಲ್ಲಿತ್ತು. ಅವರ ಅಂಬಾಸಿಡರ್ ಕಾರು ಕೊಟ್ಟಿಗೆಯಿಂದ ಹೊರಬಿದ್ದ ಕೂಡಲೇ ಮೊದಲನೆಯ ಗೇರಿನಲ್ಲಿ ಆ ಏರನ್ನು ಏದುಸಿರುಬಿಡುತ್ತ ಹತ್ತಬೇಕಿತ್ತು. ಆದ್ದರಿಂದ ಅವರು, ತಣ್ಣಗಿನ ಇಂಜಿನ್ನಿಗೆ ಗಾಳಿ ಕಡಿಮೆ ಮಾಡಿ ಪೆಟ್ರೋಲು ಹೆಚ್ಚಿಸುವ ಚೋಕ್ ಎಳೆದು, ಸೆಲ್ಫ್ ಹೊಡೆದು, ಸದ್ದು ಹದಕ್ಕೆ ಬಂದಂತೆಲ್ಲ ಚೋಕನ್ನು ಬೆರಳಗಲ ಬೆರಳಗಲ ಒಳಗೆ ತಳ್ಳುತ್ತ, ಮಗುವಿನ ಜ್ವರ ನೋಡುವವರಂತೆ ಬಾನೆಟ್ಟಿನ ಮೇಲೆ ಅಂಗೈ ಇಡುತ್ತಿದ್ದರು. 1986ರ ಮಾಘಮಾಸದಲ್ಲಿ ಉಜಿರೆಯಲ್ಲಿ ಅತ್ತೆಯ ಮಗಳ ಮದುವೆ. ಸೋದರಮಾವ ಕೈಹಿಡಿದು ಕರೆತರದೆ ಹುಡುಗಿ ಮಂಟಪಕ್ಕೆ ಬರುವಂತಿರಲಿಲ್ಲ. ಆ ಸೋದರಮಾವನೋ ನಸುಕಿನಲ್ಲಿ ಚೋಕ್ ಎಳೆದಿಟ್ಟು, ಕಾಫಿ ಕುಡಿಯಲು ಒಳಗೆ ಹೋದವರು, ಕಾಫಿ ಧಾರಣೆಯ ಮಾತಿನಲ್ಲಿ ಮೈಮರೆತರು. ಪೆಟ್ರೋಲು ಹೆಚ್ಚಾಗಿ, ನಾಲ್ಕೂ ಪ್ಲಗ್ಗುಗಳಿಗೆ ಮಸಿ ಕಟ್ಟಿ, ಇಂಜಿನ್ ನಿಂತಿತು. ಸೆಲ್ಫ್ ಹೊಡೆದದ್ದಾಯಿತು, ಹ್ಯಾಂಡಲ್ ತಿರುಗಿಸಿದ್ದಾಯಿತು. ಕೊನೆಗೆ ರೇಷ್ಮೆ ಪಂಚೆಯನ್ನು ಎತ್ತಿ ಕಟ್ಟಿ, ಪ್ಲಗ್ಗುಗಳನ್ನು ಬಿಚ್ಚಿ ಒರೆಸಿ, ಬಚ್ಚಲೊಲೆಯ ಕೆಂಡದ ಬದಿಯಲ್ಲಿ ಹಪ್ಪಳದಂತೆ ಸಾಲಾಗಿ ಇಟ್ಟರು. “ಕಾಯಿಸಿದ್ದು ಸಾಕು, ಬಸ್ಸಿಗಾದರೂ ಹೋಗೋಣ ಬನ್ನಿ” ಎಂದು ದೊಡ್ಡಮ್ಮ ಮೂರು ಸಲ ಹೇಳಿದರು. ಅಂದು ಚಾರ್ಮಾಡಿ ಘಾಟಿಯ ತಿರುವುಗಳನ್ನು ದೊಡ್ಡಪ್ಪ ಇಳಿಸಿದ ವೇಗವನ್ನು ನೆನೆದರೆ, ಹಿಂದಿನ ಸೀಟಿನಲ್ಲಿದ್ದ ನನಗೆ ಈಗಲೂ ಹೊಟ್ಟೆ ತೊಳಸುತ್ತದೆ. ಮುಹೂರ್ತ ತಪ್ಪಲಿಲ್ಲ, ಆದರೆ ಮದುವೆಯ ಫೋಟೋದಲ್ಲಿ ಹುಡುಗಿಯ ಮುಂಗೈಯ ಮೇಲೆ ನಾಲ್ಕು ಬೆರಳುಗಳ ಮಸಿ ಇಂದಿಗೂ ಅಚ್ಚಳಿಯದೆ ಇದೆ.

ದೊಡ್ಡಪ್ಪನಿಗೆ ಏರೊಂದಿತ್ತು, ಚೋಕ್ ಇತ್ತು. ಪಕ್ಕದ ಮನೆಯವರ ಕಾರಿಗೆ ಚೋಕ್ ಇರಲಿ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರೇ ಇಲ್ಲ. ಎಷ್ಟು ಪೆಟ್ರೋಲು ಬೇಕೆಂಬುದನ್ನು ಒಳಗಿನ ಕಂಪ್ಯೂಟರು ತಾನೇ ಅಳೆದು ಸಿಂಪಡಿಸುತ್ತದೆ. ಅರ್ಧ ನಿಮಿಷ ನಿಂತು, ಮೊದಲ ಕೆಲವು ಕಿಲೋಮೀಟರ್ ಮೆಲ್ಲಗೆ ಓಡಿಸಿದರೆ ಅದು ನಿಂತಲ್ಲಿಗಿಂತ ಬೇಗ ಕಾಯುತ್ತದೆ, ಜೊತೆಗೆ ಗೇರ್‌ಬಾಕ್ಸೂ ಬೆಚ್ಚಗಾಗುತ್ತದೆ. ಇವರು ಮಾಡುವುದು ತದ್ವಿರುದ್ಧ: ಮುಂದಿನ ಫಲಕದ ನೀಲಿ ದೀಪ ಆರಿದ್ದೇ ತಡ, ವರ್ತುಲ ರಸ್ತೆಗೆ ಬಿದ್ದು ನೂರರ ವೇಗ ಮುಟ್ಟಿಸುತ್ತಾರೆ. ಆ ದೀಪಕ್ಕೆ ಗೊತ್ತಿರುವುದು ನೀರಿನ ಬಿಸಿ ಮಾತ್ರ. ಆಯಿಲ್ ಕಾಯುವುದು ಅದಕ್ಕಿಂತ ತಡವಾಗಿ. ತಣ್ಣಗಿನ ದಪ್ಪ ಆಯಿಲಿನಲ್ಲಿ ಹಾಗೆ ದೌಡಾಯಿಸಿದರೆ ಸವೆಯುವುದು ಅವರದೇ ಇಂಜಿನ್ ಎಂಬುದು ನನಗಿರುವ ಏಕೈಕ ಸಮಾಧಾನ.

ಹೊಳಹಿನ ಮಾತು ಹಾಗಿರಲಿ. ಕಳೆದ ವಾರ ಧೈರ್ಯ ಮಾಡಿ ಇದನ್ನೆಲ್ಲ ಅವರಿಗೆ ಹೇಳಿದೆ. “ಅಡುಗೆಮನೆಗೆ ವಾಸನೆ ಬರುತ್ತದೆಯೇ ಸಾರ್? ಮೊದಲೇ ಹೇಳಬಾರದಿತ್ತೇ?” ಎಂದು ಬಹಳ ನೊಂದುಕೊಂಡರು. ಈಗ ಕಾರನ್ನು ಗೇಟಿನಿಂದ ಹೊರಗೆ ತಂದು, ನನ್ನ ಮಲಗುವ ಕೋಣೆಯ ಎದುರಿಗೆ ನಿಲ್ಲಿಸಿ ಕಾಯಿಸುತ್ತಾರೆ.