ಕೆಂಚಿಯ ಬಾಯಿ ಒಣಗಿದ್ದು ವಯಸ್ಸಿಗಲ್ಲ

ನಮ್ಮ ನಾಯಿ ಕೆಂಚಿಗೆ ಈಗ 13 ವರ್ಷ. ಹನುಮಂತನಗರದ ನಮ್ಮ ಬೀದೀಲೇ ಹುಟ್ಟಿದೋಳು, ಒಂದು ಮಳೆ ರಾತ್ರಿ ಒಳಗೆ ಬಂದು ಇಲ್ಲೇ ಉಳಿದಳು. ಅಮ್ಮ ಮೊಸರನ್ನ ಕಲಸೋಕೆ ಕೂತರೆ ಸಾಕು, ರೆಡ್ ಆಕ್ಸೈಡ್ ನೆಲದ ಮೇಲೆ ಜೊಲ್ಲು ಸುರಿಸ್ಕೊಂಡು ಕಾಯೋಳು. ಆ ಜೊಲ್ಲು ಯಾವಾಗ ನಿಂತಿತೋ ನಮಗೆ ಗೊತ್ತೇ ಆಗ್ಲಿಲ್ಲ. ಒಂದಿನ ಚಪಾತಿ ತುಂಡು ಅಂಗುಳಕ್ಕೆ ಅಂಟ್ಕೊಂಡು, ಮುಂಗಾಲಲ್ಲಿ ಬಾಯಿ ಕೆರ್ಕೊಳ್ತಾ ಒದ್ದಾಡಿದಳು. ತುಟಿ ಎತ್ತಿ ಒಸಡು ಮುಟ್ಟಿದೆ. ಬೆರಳು ಅಂಟಿತು.

ಮೊದಲು ತೋರಿಸಿದ ಕಡೆ ಬಾಯಿ ಕೂಡ ಬಿಡಿಸಿ ನೋಡದೆ, "ವಯಸ್ಸಾಯ್ತಲ್ಲಮ್ಮ, ಇನ್ನೇನಿರುತ್ತೆ" ಅಂತ ಟಾನಿಕ್ ಬರೆದು ಕಳಿಸಿದ್ರು. ಈ ಒಂದು ಮಾತಿನ ಮೇಲೇ ನನಗೆ ಸಿಟ್ಟು.

ವಯಸ್ಸಾದಂತೆ ಜೊಲ್ಲು ಗ್ರಂಥಿಗಳಲ್ಲಿ ರಸ ಸುರಿಸೋ ಕೋಶಗಳು ಕಮ್ಮಿಯಾಗಿ ಕೊಬ್ಬು, ನಾರು ತುಂಬ್ಕೊಳ್ಳುತ್ತೆ, ನಿಜ. ಇಲಿಗಳಲ್ಲೂ ಮನುಷ್ಯರಲ್ಲೂ ಇದು ಕಂಡಿದೆ. ಆದರೂ ಆರೋಗ್ಯವಾಗಿರೋ ವಯಸ್ಸಾದವರಲ್ಲಿ ಕಿವಿ ಮುಂದಿನ ದೊಡ್ಡ ಗ್ರಂಥಿ ಹೆಚ್ಚುಕಮ್ಮಿ ಮೊದಲಿನಷ್ಟೇ ಕೆಲಸ ಮಾಡುತ್ತೆ. ಬಾಯಿ ಇಷ್ಟೊಂದು ಒಣಗಿದೆ ಅಂದ್ರೆ ಬೇರೆ ಕಾರಣ ಹುಡುಕಲೇಬೇಕು: ಕಿಡ್ನಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆಗೆ ಕೊಡೋ ಮೂತ್ರ ಹೆಚ್ಚಿಸೋ ಮಾತ್ರೆ.

ಮಾಗಡಿ ಕಡೆ ನಮ್ಮ ಅಜ್ಜಿ, ಮುದಿ ಹಸು ಮೇವು ಬಿಟ್ಟರೆ ಮೊದಲು ಬಾಯಿ ಅಗಲಿಸಿ ಹಲ್ಲು ನೋಡೋರು. ಹಸು ದಿನಕ್ಕೆ 100 ಲೀಟರಿಗೂ ಹೆಚ್ಚು ಜೊಲ್ಲು ನುಂಗುತ್ತೆ, ಅದರಲ್ಲಿರೋ ಸೋಡಾದಂಥ ಅಂಶ ಹೊಟ್ಟೆಯ ಹುಳಿ ಮುರಿಯುತ್ತೆ. ದವಡೆ ಹಲ್ಲು ಸವೆದು ಮೆಲುಕು ಕಮ್ಮಿಯಾದರೆ ಜೊಲ್ಲೂ ಕಮ್ಮಿ. ಅಜ್ಜಿ ಆಮೇಲೆ ಮೇವು ಸಣ್ಣಗೆ ಕತ್ತರಿಸಿ, ನೆನೆಸಿ ಹಾಕೋರು.

ಎರಡನೇ ಡಾಕ್ಟ್ರು ರಕ್ತ ಪರೀಕ್ಷೆ ಮಾಡಿಸಿದ್ರು. ಕಿಡ್ನಿ ಸೋಸಿ ಹೊರಗೆ ಹಾಕ್ಬೇಕಾದ ಕ್ರಿಯಾಟಿನಿನ್ ಅನ್ನೋ ಕಸ ರಕ್ತದಲ್ಲಿ ಏರಿತ್ತು. ಕಿಡ್ನಿ ನೀರು ಹಿಡಿದಿಡಲಾಗದೆ, ಕುಡಿದದ್ದೆಲ್ಲ ಮೂತ್ರವಾಗಿ ಹೋಗ್ತಿತ್ತು. "ನೀರು ಚೆನ್ನಾಗಿ ಕುಡೀತಾಳೆ" ಅಂತ ನಾವು ಖುಷಿಪಟ್ಟಿದ್ವಿ! ಅದನ್ನ ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ಉರಿಯುತ್ತೆ. ನಾಯಿ ನಮ್ಮ ಹಾಗೆ ಮೈತುಂಬ ಬೆವರಲ್ಲ. ಒದ್ದೆ ನಾಲಿಗೆ ಹೊರಗೆ ಹಾಕಿ ಏದುಸಿರು ಬಿಟ್ಟೇ ತಂಪಾಗ್ಬೇಕು. ಏಪ್ರಿಲ್ ಬಿಸಿಲನ್ನ ಆ ಒಣ ಬಾಯಲ್ಲಿ ಹೇಗೆ ಕಳೆದಳೋ.

ಮನೇಲಿ ಮುದಿ ನಾಯಿ ಇರೋರು ದಯವಿಟ್ಟು ವಾರಕ್ಕೊಂದು ಸಲ ಒಸಡು ಮುಟ್ಟಿ ನೋಡಿ. ಅಂಟಿದ್ರೆ ರಕ್ತ ಪರೀಕ್ಷೆ ಮಾಡಿಸಿ ಅಂತ ನೀವೇ ಕೇಳಿ.

ಈಗ ಊಟ ಬೆಚ್ಚನೆ ನೀರಲ್ಲಿ ನೆನೆಸಿ ಕೊಡ್ತೀವಿ. ದಿನ ಬಿಟ್ಟು ದಿನ ಹೆಗಲ ಹತ್ತಿರ ಚರ್ಮದಡಿ ಡ್ರಿಪ್. ಸೂಜಿ ಚುಚ್ಚುವಾಗ ಅಮ್ಮ ಅವಳ ಕಿವಿ ಸವರ್ತಾ ಕೂತಿರ್ತಾರೆ. ಸೋಮವಾರ ಮತ್ತೆ ರಕ್ತ ಕೊಡೋಕೆ ಹೋಗ್ಬೇಕು.